ಸೂಜಿ ಸಿಸ್ಟರ್ ತಂದ ಡಬ್ಬ

ನಮ್ಮ ಬೀದಿಯವರಿಗೆಲ್ಲ ಅವರು ಸೂಜಿ ಸಿಸ್ಟರ್. ಮೂವತ್ತು ವರ್ಷ ಆಸ್ಪತ್ರೆಯ ಸೋಂಕಿನ ವಾರ್ಡಿನಲ್ಲಿ ನರ್ಸಾಗಿದ್ದವರು. ಚಿಕ್ಕವನಿದ್ದಾಗ ಅವರ ಕೈಯಲ್ಲಿ ಚುಚ್ಚಿಸಿಕೊಂಡು ಬೀದಿಗೆಲ್ಲ ಕೇಳುವಂತೆ ನಾನೂ ಅತ್ತಿದ್ದೇನೆ. ಯಾವುದಕ್ಕೂ ಜಗ್ಗದ ಆ ಹೆಂಗಸು ಮೊನ್ನೆ ಬೆಳಿಗ್ಗೆ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುವಾಗ ನಡುಗುತ್ತಿದ್ದರು.

ಹಿಂದೆಯೇ ಮಗಳು ಬಂದಳು, ಹಳೆಯ ಕಂಪ್ಯೂಟರಿನ ಡಬ್ಬವನ್ನು ಅವುಚಿಕೊಂಡು. ಈ ಇಪ್ಪತ್ತರ ಹುಡುಗಿಯನ್ನು ಸಿಸ್ಟರ್ ಹೆತ್ತಿದ್ದಲ್ಲ. ಹೆತ್ತವಳು ಅದೇ ವಾರ್ಡಿನಲ್ಲಿ ತೀರಿಕೊಂಡಳು, ಹಿಂದೆ ಮುಂದೆ ಯಾರೂ ಇಲ್ಲದವಳು. ಕೊಂಚ ಚೇತರಿಸಿಕೊಂಡಿದ್ದ ಒಂದು ದಿನ ಕೂಸನ್ನು ಅವಳ ಮಡಿಲಲ್ಲಿಟ್ಟು ಸಿಸ್ಟರ್ ಒಂದು ಫೋಟೊ ತೆಗೆದಿದ್ದರು. ಅವಳ ಮುಖ ಇನ್ನೂ ಉಳಿದಿದ್ದರೆ ಈ ಡಬ್ಬದಲ್ಲಿ ಮಾತ್ರ. ಹೋದ ತಿಂಗಳು ನಿಜ ಹೇಳಿದಾಗ ಮಗಳು ಕೇಳಿದ್ದು ಒಂದೇ ಮಾತಂತೆ: "ಅವಳು ನೋಡೋಕೆ ಹೇಗಿದ್ಲು?"

"ಕೊನೇ ಸಲ ಆನ್ ಮಾಡಿದಾಗ ಫೈಲುಗಳ ಹೆಸರೆಲ್ಲ ತಾವಾಗೇ ಬದಲಾಗ್ತಾ ಇದ್ವು ಕಣೋ," ಎಂದರು ಸಿಸ್ಟರ್.

ವೈರಸ್ಸೇ ಇರಬೇಕು. ನಾನು ಮೊದಲೇ ಅವಸರದ ಆಸಾಮಿ. ವೈರು ಸಿಕ್ಕಿಸಿ, ಜೇಬಿನಿಂದ ಪೆನ್ ಡ್ರೈವ್ ತೆಗೆದೆ. ಸಿಸ್ಟರ್ ನನ್ನ ಕೈ ಹಿಡಿದುಬಿಟ್ಟರು.

"ಇದಕ್ಕೆ ಮುಂಚೆ ಅದನ್ನ ಯಾರಿಗೆ ಚುಚ್ಚಿದ್ದೆ?"

"ನಿನ್ನೆ... ನಾಲ್ಕೈದು ಕಂಪ್ಯೂಟರಿಗೆ."

"ನಾಚಿಕೆ ಆಗಲ್ವೇನೋ ನಿಂಗೆ?"

ಹದಿನೈದು ವರ್ಷದ ನನ್ನ ಕಸುಬಿನ ಜಂಬ ಅಲ್ಲಿಗೆ ಇಳಿಯಿತು. ವೈರು ಕಿತ್ತೆ. ಡಬ್ಬ ಬಿಚ್ಚಿ ಡಿಸ್ಕನ್ನು ಹೊರತೆಗೆದು, ಇಂಟರ್ನೆಟ್ ಇಲ್ಲದ ಬೇರೊಂದು ಯಂತ್ರಕ್ಕೆ ಜೋಡಿಸಿದೆ. ಡಿಸ್ಕಿನಲ್ಲಿರುವುದನ್ನು ಓದಬಹುದು, ಅದರ ಮೇಲೆ ಏನನ್ನೂ ಬರೆಯಲಾಗದು, ಅಂಥ ಜೋಡಣೆ. ಫೋಟೊಗಳನ್ನಷ್ಟೇ ನಕಲು ಮಾಡಬೇಕು, ಬೇರೆ ಯಾವುದನ್ನೂ ತೆರೆಯಬಾರದು.

ನಕಲು ಶುರುವಾಗುತ್ತಲೇ ಡಿಸ್ಕು ಕಟಕಟ ಎನ್ನತೊಡಗಿತು. ಹಾಗೆ ಸದ್ದು ಮಾಡುವ ಡಿಸ್ಕು ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಕೂತಲ್ಲಿ ಕೂರಲಾರದೆ ಮಗಳು ನೀರು ತರುವ ನೆಪದಲ್ಲಿ ಹೊರಗೆ ಹೋದಳು.

ಸಿಸ್ಟರ್ ದನಿ ತಗ್ಗಿಸಿದರು. "ತಾನಾಗೇ ಕೆಟ್ಟುಹೋಗ್ಲಿ ಅಂತಲೇ ಅಟ್ಟದ ಮೇಲೆ ಹಾಕಿದ್ದೆ. ಎಸೆಯೋಕೆ ಮನಸ್ಸು ಬರ್ಲಿಲ್ಲ, ತೋರ್ಸೋಕೆ ಧೈರ್ಯ ಬರ್ಲಿಲ್ಲ. ಈಗ ಕೆಟ್ಟೇ ಹೋಗಿದ್ರೆ ಅವಳಿಗೆ ಹೇಗೆ ಮುಖ ತೋರಿಸ್ಲಿ? ಕೆಟ್ಟಿರದಿದ್ರೆ..." ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಇಷ್ಟು ವರ್ಷ ದೂಡಿದ್ದರು. ಆ ಮುಖ ಸಿಕ್ಕ ಮೇಲೆ ಮಗಳು ತನ್ನನ್ನು ಅಮ್ಮ ಎನ್ನುತ್ತಾಳೋ ಇಲ್ಲವೋ ಎಂಬ ಹೆದರಿಕೆ ಅವರನ್ನು ತಿನ್ನುತ್ತಿತ್ತು.

ಮಗಳು ಒಳಗೆ ಬರುವುದಕ್ಕೂ ಡಿಸ್ಕು ನಿಲ್ಲುವುದಕ್ಕೂ ಸರಿಹೋಯಿತು. ಅಷ್ಟರೊಳಗೆ ಮುನ್ನೂರಕ್ಕೂ ಹೆಚ್ಚು ಫೋಟೊ ಬಂದಿದ್ದವು, ಹೆಸರೆಲ್ಲ ಕಲಸುಮೇಲೋಗರ. ಒಂದೊಂದೇ ತೆರೆದೆ. ಗೋಡೆ. ಯಾರದೋ ಸೈಕಲ್ಲು. ಆಮೇಲೆ ಮಂಚದ ಕಬ್ಬಿಣದ ಸರಳು, ಅದಕ್ಕೆ ಒರಗಿದ ಸಣಕಲು ಮುಖದ ಹೆಂಗಸು. ಮುಖ ಸ್ಪಷ್ಟವಾಗಿತ್ತು. ಕುತ್ತಿಗೆಯಿಂದ ಕೆಳಗೆ ಫೋಟೊ ಕೆಟ್ಟುಹೋಗಿ ಎಲ್ಲ ಬೂದು ಬಣ್ಣ. ಮಡಿಲಿಲ್ಲ, ಕೂಸೂ ಇಲ್ಲ.

ಸಿಸ್ಟರ್ ಹಿಂದೆ ಸರಿದು ಗೋಡೆಗೆ ಆತು ನಿಂತರು. ಹುಡುಗಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು, ತುಂಬಾ ಹೊತ್ತು.

"ಅಮ್ಮಾ," ಎಂದಳು ಆ ಮುಖವನ್ನೇ ನೋಡುತ್ತ.

ಸಿಸ್ಟರ್ ಕಣ್ಣು ಮುಚ್ಚಿಕೊಂಡರು.

ಹುಡುಗಿ ತಿರುಗದೆಯೇ ಕೈಯನ್ನು ಹಿಂದಕ್ಕೆ ಚಾಚಿ ತಡಕಾಡಿದಳು. "ಅಮ್ಮಾ, ಎಲ್ಲಿದ್ದೀಯ? ಹತ್ರ ಬಾ. ಒಬ್ಳೇ ನೋಡೋಕೆ ಭಯ ಆಗ್ತಿದೆ."