ಉಪ್ಪು ನೀರೆಂದರೆ ಯಾವ ನೀರು

ತುಮಕೂರಿನ ಉಪ್ಪಾರಹಳ್ಳಿ ಬಡಾವಣೆಯ ಆ ಮನೆಗೆ ಎರಡು ನಲ್ಲಿಗಳಿದ್ದವು. ಒಂದರಲ್ಲಿ ನಗರಸಭೆಯ ಸಿಹಿ ನೀರು, ವಾರಕ್ಕೊಮ್ಮೆ ಬಂದರೆ ಪುಣ್ಯ. ಇನ್ನೊಂದರಲ್ಲಿ ಬೋರ್‌ವೆಲ್ ನೀರು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸೋಪು ನೊರೆ ಬಿಡುತ್ತಿರಲಿಲ್ಲ, ಹಂಡೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿತ್ತು. ತುಮಕೂರಿನ ಬಾಯಲ್ಲಿ ಅದು ಉಪ್ಪು ನೀರು.

ಕೆಳಗಿನ ಮನೆಯಲ್ಲಿ ರಾಮಾಂಜಿನಯ್ಯ, ಆತನ ಹೆಂಡತಿ ಗಂಗಲಕ್ಷ್ಮಮ್ಮ, ತಾಯಿ ಪುಟ್ಟತಾಯಮ್ಮ ಇದ್ದರು. ಮಹಡಿಯ ಕೋಣೆಯಲ್ಲಿ ತಮ್ಮ ಶಿವಮೂರ್ತಿ. ನಲವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಗುಬ್ಬಿ ಬಸ್ ನಿಲ್ದಾಣದ ಎದುರು ಫೋಟೋ ಸ್ಟುಡಿಯೋ ಇಟ್ಟಿದ್ದ. ಕತ್ತಲ ಕೋಣೆಯಲ್ಲಿ ದ್ರಾವಣ ಬೆರೆಸುವುದರಲ್ಲಿ ಅವನ ಕೈ ಪಳಗಿತ್ತು. ಕಲರ್ ಫೋಟೋ ಬಂತು, ರೋಲುಗಳೆಲ್ಲ ಬೆಂಗಳೂರಿನ ಲ್ಯಾಬಿಗೆ ಹೋಗತೊಡಗಿದವು. ಥರ್ಮಾಮೀಟರು, ಅಳತೆಯ ಜಾಡಿಗಳು ಧೂಳು ಹಿಡಿದವು. ಅಂಥದೇ ಒಂದು ಲ್ಯಾಬಿನ ಮುಂದಿನ ಹಾಲಿನಲ್ಲಿ ಅವನು ಮೊದಲ ಸಲ ಜೀವಂತ ಹವಳ ಬೆಳೆಸುವ ಗಾಜಿನ ತೊಟ್ಟಿ ನೋಡಿದ್ದು, ತೊಂಬತ್ತೆಂಟರ ಸುಮಾರಿಗೆ. ಎಲ್ಲರೂ ಮೀನು ನೋಡುತ್ತಿದ್ದರೆ ಇವನು ಕಲ್ಲಿನ ಮೇಲೆ ಅರಳಿ ಮುಚ್ಚುತ್ತಿದ್ದ ಜೀವವನ್ನು ನೋಡುತ್ತ ನಿಂತ. ವರ್ಷದೊಳಗೆ ಅವನ ಕೋಣೆಗೂ ಗಾಜಿನ ತೊಟ್ಟಿ ಬಂತು. ಹೊರದೇಶದ ಹವಳದ ತುಂಡುಗಳನ್ನು ಬೆಂಗಳೂರಿನ ಅಂಗಡಿಯಿಂದ ತಂದ. ಜೊತೆಗೆ ಎರಡು ಕಿತ್ತಳೆ ಬಣ್ಣದ ಮೀನು.

ಹವಳಕ್ಕೆ ಊಟಕ್ಕಿಂತ ನೀರು ಮುಖ್ಯ. ಉಪ್ಪಿನ ಪ್ರಮಾಣ ಅಲುಗಾಡಬಾರದು. ತೊಟ್ಟಿಯ ನೀರು ಆವಿಯಾದರೆ ಉಪ್ಪು ಅಲ್ಲೇ ಉಳಿಯುತ್ತದೆ, ಆದ್ದರಿಂದ ದಿನವೂ ಸೇರಿಸಬೇಕಾದ್ದು ಸಿಹಿ ನೀರು. ನೀರು ಚೆಲ್ಲಿಹೋದರೆ ಅದರ ಜೊತೆ ಉಪ್ಪೂ ಹೋಗುತ್ತದೆ, ಆಗ ಸೇರಿಸಬೇಕಾದ್ದು ಸಮುದ್ರದ ಉಪ್ಪು ಕರಗಿಸಿದ ನೀರು. ಅದನ್ನು ಅವನು ಮೊದಲೇ ಬೆರೆಸಿ ಟೆರೇಸಿನ ನೀಲಿ ಡ್ರಮ್ಮಿನಲ್ಲಿ ಮುಚ್ಚಿಡುತ್ತಿದ್ದ. ಹವಳ ತನ್ನ ಮೈ ಕಟ್ಟಿಕೊಳ್ಳುವುದು ಸುಣ್ಣದಿಂದ. ತಾಯಿಯ ಎಲೆಯಡಿಕೆಯ ಸುಣ್ಣವನ್ನೇ ಸಿಹಿ ನೀರಿನಲ್ಲಿ ಕದಡಿ, ಮೇಲಿನ ತಿಳಿಯನ್ನು ಆಸ್ಪತ್ರೆಯ ಡ್ರಿಪ್ ನಳಿಕೆಯಲ್ಲಿ ಹನಿಹನಿಯಾಗಿ ಬಿಡುತ್ತಿದ್ದ. ಹೆಬ್ಬೆರಳಿನಷ್ಟಿದ್ದ ತುಂಡು ನಾಲ್ಕು ವರ್ಷದಲ್ಲಿ ಬೊಗಸೆ ಅಗಲವಾಯಿತು.

ಆ ನಾಲ್ಕು ವರ್ಷವೂ ಜಗಳ. ಸಿಹಿ ನೀರು ಬಂದ ದಿನ ಅವನು ಬಿಂದಿಗೆ ಹಿಡಿದು ಇಳಿದರೆ ಗಂಗಲಕ್ಷ್ಮಮ್ಮ ನಲ್ಲಿಗೆ ಅಡ್ಡ ನಿಲ್ಲುತ್ತಿದ್ದಳು.

"ಕುಡಿಯಾಕೇ ಇಲ್ಲ, ಮೀನ್ಗೆ ಸಿಹಿ ನೀರಂತೆ. ಬೋರ್ ನೀರು ಹಾಕಿದ್ರೆ ನಿನ್ ಮೀನ್ಗೆ ನೆಗಡಿ ಬತ್ತದಾ?"

"ನಿಮ್ಗೆ ಅರ್ಥ ಆಗಲ್ಲ ಬುಡಿ ಅತ್ತಿಗೆ."

"ಹೂಂ ಕಣಪ್ಪ, ನಿಂಗೊಬ್ಬಂಗೆ ಅರ್ಥ ಆಗೋದು. ಹೆಣ್ಣು ಕಟ್ಕೊಳೋ ವಯಸ್ನಲ್ಲಿ ಕಲ್ಲು ಕಟ್ಕೊಂಡೋನು!"

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಶಿವಮೂರ್ತಿ ಮದುವೆಯೊಂದರ ಫೋಟೋ ತೆಗೆಯಲು ಚೇಳೂರಿಗೆ ಹೋದ. ಅಲ್ಲಿನ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿದಾಗ ಎತ್ತಿದವಳು ಗಂಗಲಕ್ಷ್ಮಮ್ಮ.

"ನಿನ್ ತೊಟ್ಟಿ ಪೈಪು ಕಳಚ್ಕೊಂಡು ಮೆಟ್ಲೆಲ್ಲಾ ನೀರು ಕಣಪ್ಪ. ಪೈಪೇನೋ ಸಿಕ್ಕಿಸ್ದೆ. ಅರ್ಧ ಖಾಲಿ ಆಗದೆ."

ಅವನು ರಿಸೀವರನ್ನು ಬಾಯಿಗೆ ಒತ್ತಿ ಹಿಡಿದ. ಹಿಂದೆ ವಾಲಗದ ಸದ್ದು. "ಅತ್ತಿಗೆ, ಈಗ್ಲೇ ಉಪ್ಪು ನೀರು ತುಂಬ್ಸಿ. ಮುಂಚೆ ಎಷ್ಟಿತ್ತೋ ಅಷ್ಟು."

"ಉಪ್ಪು ನೀರೇ ತಾನೆ?"

"ಹೂಂ, ಉಪ್ಪು ನೀರೇ. ಸಿಹಿ ನೀರು ಮಾತ್ರ ಹಾಕ್ಬೇಡಿ."

ಆಕೆಗೆ ಆ ಮಾತು ಇಷ್ಟವಾಯಿತು. ಮೊಣಕಾಲು ನೋವಿದ್ದರೂ ಬೋರ್ ನಲ್ಲಿಯಿಂದ ಬಿಂದಿಗೆ ಬಿಂದಿಗೆಯಾಗಿ ಮಹಡಿಗೆ ಹೊತ್ತು ಸುರಿದಳು. ಟೆರೇಸಿನ ಡ್ರಮ್ಮಿನಲ್ಲಿ ಏನಿದೆಯೆಂದು ಅವನು ಯಾರಿಗೂ ಹೇಳಿರಲಿಲ್ಲ. ಆ ಮನೆಯಲ್ಲಿ ಉಪ್ಪು ನೀರು ಎಂಬ ಮಾತಿಗೆ ಇದ್ದದ್ದು ಒಂದೇ ನಲ್ಲಿ.

ಮರುದಿನ ಶಿವಮೂರ್ತಿ ಬಂದಾಗ ತೊಟ್ಟಿ ಮಜ್ಜಿಗೆಯಂತಿತ್ತು. ಉಪ್ಪು ಅರ್ಧಕ್ಕಿಳಿದಿತ್ತು. ಬೋರ್ ನೀರಿನ ಗಡಸಿಗೆ ಮೇಲಿನಿಂದ ಸುಣ್ಣದ ತಿಳಿಯೂ ತೊಟ್ಟಿಕ್ಕಿ, ಎಲ್ಲ ಬಿಳಿ ಪುಡಿಯಾಗಿ ಕಲ್ಲಿನ ಮೇಲೆ ಕೂತಿತ್ತು. ಹವಳದ ಮೈ ಲೋಳೆಯಾಗಿ ಸುಲಿದು ಬರುತ್ತಿತ್ತು. ಎರಡು ಮೀನುಗಳು ಮಾತ್ರ ಆ ಮಬ್ಬಿನಲ್ಲಿ ಓಡಾಡುತ್ತಿದ್ದವು.

ಅವನು ಮೆಟ್ಟಿಲ ಮೇಲೇ ನಿಂತು ಕೂಗಿದ. "ಏನ್ ಸುರಿದ್ರಿ ಇದಕ್ಕೆ?"

"ನೀನ್ ಹೇಳಿದ್ದೇ. ಉಪ್ಪು ನೀರು."

"ಬೋರ್ ನೀರು ಹಾಕಿ ಕೊಂದ್ರಲ್ರೀ!"

"ಏನ್ ಕೊಂದೆ? ಮೀನು ಎರಡೂ ಆಡ್ತಾ ಅವೆ, ಕಣ್ ಬುಟ್ಟು ನೋಡು."

"ಮೀನ್ ಯಾರಿಗ್ ಬೇಕು? ಹವಳ ಸತ್ತೋಯ್ತು!"

"ಕಲ್ಲು ಸಾಯ್ತದಾ?" ಆಕೆ ಗಂಡನ ಕಡೆ ತಿರುಗಿ ನಕ್ಕಳು. ರಾಮಾಂಜಿನಯ್ಯನೂ ನಕ್ಕ.

ಆ ನಗು ಅವನಿಗೆ ತಡೆಯಲಾಗಲಿಲ್ಲ. "ಬೇಕಂತ್ಲೇ ಮಾಡಿದೀರ. ನಾನಿಲ್ದಾಗ ಮದ್ದಿಕ್ಕಿದೀರ!"

ತುಮಕೂರಿನ ಕಡೆ ಊಟದಲ್ಲಿ ಕದ್ದು ಮದ್ದು ಬೆರೆಸುತ್ತಾಳೆ ಎಂದು ಒಬ್ಬ ಹೆಂಗಸಿನ ಹೆಸರು ಕೆಟ್ಟರೆ, ಆಕೆಯ ಮನೆಯಲ್ಲಿ ನೆಂಟರು ನೀರೂ ಮುಟ್ಟುವುದಿಲ್ಲ. ಪುಟ್ಟತಾಯಮ್ಮ ಮೊದಲಿನಿಂದಲೂ ಕಿರಿಯ ಮಗನ ಕಡೆ. ಮುದುಕಿ ಆ ಮಾತನ್ನು ಹಿಡಿದುಕೊಂಡಳು. ಗೂಳೂರಿನ ತವರಿಗೆ ಹೋದಾಗ, "ನಮ್ ಸೊಸೆ ಕಲ್ಲಿಗೇ ಇಕ್ಕವಳೆ, ಮನುಷ್ಯರ್ನ ಬುಡ್ತಾಳಾ?" ಎಂದು ಹೇಳಿ ಬಂದಳು. ತಮಾಷೆಗೆ ಹೇಳಿದೆ ಎಂದು ಆಮೇಲೆ ಅಂದಳು. ಆದರೆ ಮುಂದಿನ ಸಲ ಗೂಳೂರಿನಿಂದ ಬಂದ ಮುದುಕಿಯ ತಮ್ಮ ದಾಸಯ್ಯ, ಗಂಗಲಕ್ಷ್ಮಮ್ಮ ಇಟ್ಟ ಕಾಫಿಯನ್ನು ಮುಟ್ಟದೆ, "ಈಗ್ತಾನೆ ಕುಡ್ಕೊಂಡ್ ಬಂದೆ" ಎಂದು ಲೋಟವನ್ನು ಕಿಟಕಿಯ ಕಡೆ ಸರಿಸಿದ. ಜೊತೆಗೆ ಬಂದಿದ್ದ ಅವನ ಹೆಂಡತಿಯೂ ಸರಿಸಿದಳು.

ಅವರಿನ್ನೂ ಅಂಗಳ ದಾಟಿರಲಿಲ್ಲ. ಗಂಗಲಕ್ಷ್ಮಮ್ಮ ಶಿವಮೂರ್ತಿಯನ್ನು ಕೂಗಿ ಕರೆದಳು.

"ಇವರ ಮುಂದೆ ಒಂದ್ ಮಾತು ಹೇಳು. ಫೋನಲ್ಲಿ ಉಪ್ಪು ನೀರು ಹಾಕು ಅಂದೋನು ಯಾರು?"

"ನಾನೇಳಿದ್ದು ಸಮುದ್ರದ ನೀರು."

"ಸಮುದ್ರ ಅನ್ನೋ ಪದ ನಿನ್ ಬಾಯಲ್ ಬಂತಾ? ನಾನು ಇನ್ನೊಂದ್ ಸಲ ಕೇಳ್ಲಿಲ್ವಾ, ಉಪ್ಪು ನೀರೇ ತಾನೆ ಅಂತ?"

ಕೇಳಿದ್ದು ಅವನಿಗೆ ನೆನಪಿತ್ತು. ಹೂಂ ಅಂದದ್ದೂ ನೆನಪಿತ್ತು. ಅದೇ ಮನೆಯಲ್ಲಿ ಆ ನಲ್ಲಿಯನ್ನು ಅದೇ ಹೆಸರಿನಿಂದ ಕರೆದು ಬೆಳೆದವನು ಅವನು. "ಬುದ್ಧಿ ಇದ್ದೋರಿಗೆ ಗೊತ್ತಾಗ್ತಿತ್ತು" ಎಂದಷ್ಟೇ ಹೇಳಿ ಮೇಲೆ ಹೋದ. ದಾಸಯ್ಯ ಚಪ್ಪಲಿ ಮೆಟ್ಟಿಕೊಂಡ.

ಅದೇ ವಾರ ರಾಮಾಂಜಿನಯ್ಯ ಪ್ಲಂಬರ್ ಕರೆಸಿ ಸಿಹಿ ನೀರಿನ ನಲ್ಲಿಯನ್ನು ಒಳಮನೆಗೆ ತಿರುಗಿಸಿದ. "ನನ್ ಹೆಂಡ್ತಿ ಮದ್ದಿಕ್ಕೋಳು ಅಲ್ವೇನ್ಲಾ? ಅವಳ ಮನೆ ನೀರು ನಿಂಗ್ಯಾಕೆ?" ಎಂದ. ಶಿವಮೂರ್ತಿ ಸ್ವಲ್ಪ ದಿನ ಸ್ಟುಡಿಯೋದಿಂದ ಕ್ಯಾನುಗಳಲ್ಲಿ ಸಿಹಿ ನೀರು ತಂದ. ಬಸ್ ಕಂಡಕ್ಟರು ತಕರಾರು ಮಾಡಿದ. ಹೊಸದಾಗಿ ತಂದಿಟ್ಟ ಹವಳದ ತುಂಡು ಬದುಕಲೂ ಇಲ್ಲ. ದಸರಾ ಮುಗಿದ ಮೇಲೆ ಗುಬ್ಬಿಯಲ್ಲೇ ಬಾಡಿಗೆ ಕೋಣೆ ಹಿಡಿದ. ಮೀನುಗಳನ್ನು ಬೆಂಗಳೂರಿನ ಅಂಗಡಿಗೇ ವಾಪಸು ಕೊಟ್ಟ.

ಸಾಮಾನು ಸಾಗಿಸುವ ದಿನ ಮೆಟ್ಟಿಲ ಕೆಳಗೆ ಒಣಗಿ ಬೆಳ್ಳಗಾದ ಹವಳದ ಗುಡ್ಡೆ ಬಿದ್ದಿತ್ತು. ಗಂಗಲಕ್ಷ್ಮಮ್ಮ ಬಾಗಿಲಲ್ಲಿ ನಿಂತಿದ್ದಳು.

"ಈಗ್ಲಾದ್ರೂ ಹೇಳಿ ಹೋಗು. ಗೂಳೂರ್ನೋರಿಗೆ ಒಂದ್ ಫೋನ್ ಮಾಡು, ತಪ್ಪು ನಂದೇ, ಅತ್ತಿಗೆದಲ್ಲ ಅಂತ. ಇನ್ನೇನೂ ಬೇಡ ನಂಗೆ."

ಅವನು ಹಗ್ಗ ಬಿಗಿಯುತ್ತ ಲಗೇಜ್ ಆಟೋದವನಿಗೆ ಗಾಜು ಜೋಪಾನ ಎಂದ.

"ಸರಿ. ಇದನ್ನ ಯಾರಿಗ್ ಬುಟ್ಟೋಗ್ತಿದೀಯ?" ಆಕೆ ಕಾಲಿನಿಂದ ಆ ಗುಡ್ಡೆಯನ್ನು ತಳ್ಳಿದಳು.

"ಬಟ್ಟೆ ಒಗೆಯೋಕೆ ಇಟ್ಕೊಳಿ. ಕಲ್ಲಲ್ವಾ?"

"ಚೂಪಾಗದೆ, ಬಟ್ಟೆ ಹರೀತದೆ. ತಗೊಂಡೋಗು."

ಅವನು ತೆಗೆದುಕೊಳ್ಳಲಿಲ್ಲ. ಆಟೋ ತಿರುವು ದಾಟುವ ಮುಂಚೆಯೇ ಆಕೆ ಅದನ್ನು ಎರಡು ಕೈಯಲ್ಲಿ ಎತ್ತಿ, ಬೀದಿಯ ಆಚೆ ಚರಂಡಿಗೆ ಎಸೆದಳು.