ಮುಚ್ಚಳ ಹಾಕುವ ಮೊದಲು ಕೇಳಿದ ದನಿ

ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಓದಿದವಳು ನಾನು. ದೆವ್ವದ ಕತೆ ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಶಾಲೆ ಅದು. ಹಾಗಾಗಿ ಇದನ್ನು ಕತೆ ಎಂದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ನಡೆದದ್ದು, ನಾನೇ ಕಿವಿಯಾರೆ ಕೇಳಿದ್ದು. ಯಾರನ್ನೂ ಕನ್ವಿನ್ಸ್ ಮಾಡುವ ಶಕ್ತಿ ಈ ವಯಸ್ಸಿನಲ್ಲಿ ನನಗೆ ಉಳಿದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಆಗ ನಾವು ಬನಹಟ್ಟಿಯಲ್ಲಿ ಬಾಡಿಗೆಗಿದ್ದೆವು. ಮೂರು ಕಡೆ ಪವರ್‌ಲೂಮ್. ಹಗಲೂ ರಾತ್ರಿ ಖಟಖಟ, ಖಟಖಟ... ಆ ಸದ್ದಿಲ್ಲದಿದ್ದರೆ ಆ ಓಣಿಯ ಜನಕ್ಕೆ ನಿದ್ದೆಯೇ ಬಾರದು.

ನಮ್ಮ ಮನೆಯವರು ಬೀಳಗಿ ಕಡೆ ಪುನರ್ವಸತಿ ಕೆಲಸದಲ್ಲಿದ್ದವರು. ಅಣೆಕಟ್ಟಿನ ಹಿನ್ನೀರು ಏರುವ ಮೊದಲು ಜೀಪಿನಲ್ಲಿ ಮೈಕ್ ಹಿಡಿದು, ‘ಸಾಮಾನಾ ಕಟಗೋರಿ, ನೀರ ಬರಾಕತ್ತೈತಿ’ ಎಂದು ಊರೂರು ಸಾರಿ ಬಂದವರು. ಮೈಕ್ ಕೆಟ್ಟರೂ ಸಾಹೇಬರ ದನಿ ಹೊಳೆಯಾಚೆ ಕೇಳುತ್ತದೆ ಎಂದು ಅನಗವಾಡಿಯಲ್ಲಿ ನಗುತ್ತಿದ್ದರಂತೆ. ಗಂಟಲು ಕೆಡದಿರಲಿ ಎಂದು ಸದಾ ದವಡೆಯಲ್ಲೊಂದು ಲವಂಗ.

ಆ ಗಂಟಲಿಗೇ ಕ್ಯಾನ್ಸರ್ ಬಂತು. ಆಪರೇಷನ್ ಮಾಡಿ ದನಿಯ ಅಂಗವನ್ನೇ ತೆಗೆದರು. ಕತ್ತಿನ ಬುಡದಲ್ಲೊಂದು ತೂತು, ಅದರಲ್ಲೇ ಉಸಿರು. ಕೈ ನಡುಗುತ್ತಿದ್ದರಿಂದ ಬರೆದದ್ದೂ ತಿಳಿಯುತ್ತಿರಲಿಲ್ಲ.

ನನ್ನ ಮೈದುನ ವಸಂತ ಜಮಖಂಡಿಯವನು, ಕಂಪ್ಯೂಟರ್ ರಿಪೇರಿ ಬಲ್ಲವನು. ಅಣ್ಣನಿಗೆ ಒಂದು ಕಂಪ್ಯೂಟರ್ ಜೋಡಿಸಿ ಕೊಟ್ಟ. ಒಂದೇ ಬೆರಳಿನಲ್ಲಿ ಟೈಪ್ ಮಾಡಿದರೆ ಅದು ಓದಿ ಹೇಳುತ್ತಿತ್ತು. ಆದರೆ ಇಂಗ್ಲಿಷ್ ಮಾತ್ರ. ಮದುವೆಯಾದಂದಿನಿಂದ ‘ಚಾ’ ಎಂದಷ್ಟೇ ಕೂಗಿದ ಗಂಡ ಈಗ ‘ಪ್ಲೀಸ್ ಗಿವ್ ಮಿ ಟೀ’ ಎನ್ನುತ್ತಿದ್ದರು, ಸ್ಟೇಷನ್ನಿನಲ್ಲಿ ಗಾಡಿ ಬರುವುದನ್ನು ಸಾರುವ ದನಿಯಲ್ಲಿ. ನಗು ಬರುತ್ತಿತ್ತು. ಒಮ್ಮೊಮ್ಮೆ ಅಡುಗೆಮನೆಗೆ ಹೋಗಿ ಅಳುತ್ತಲೂ ಇದ್ದೆ.

ಲೂಮಿನ ಹತ್ತಿಧೂಳಿಗೆ ಆ ಕಂಪ್ಯೂಟರ್ ಪದೇ ಪದೇ ಉಸಿರುಗಟ್ಟುತ್ತಿತ್ತು. ಮಾತಿನ ನಡುವೆಯೇ ಆಫ್. ಕೊನೆಗೆ ಪೂರ್ತಿ ನಿಂತಿತು. ಇವರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ನಾಲ್ಕು ದಿನ ಅನ್ನ ಮುಟ್ಟಲಿಲ್ಲ. ಗಂಜಿ ಹಿಡಿದು ನಿಂತು ನಿಂತು ನನಗೂ ಸಾಕಾಗಿ ಹೋಗಿತ್ತು.

ವಸಂತ ಒಂದು ಹಳೆಯ ರ‍್ಯಾಕ್ ಕೇಸ್ ಹೊತ್ತು ತಂದ. ಆಫೀಸುಗಳಲ್ಲಿ ಕಬ್ಬಿಣದ ಚೌಕಟ್ಟಿಗೆ ಸೇರಿಸಿಡುವ ಚಪ್ಪಟೆ ಡಬ್ಬ, ಎರಡೂ ಬದಿಗೆ ಸ್ಕ್ರೂ ಬಿಗಿಯುವ ಕಿವಿ. ಮುಂದಿನ ಬಾಗಿಲಿಗೆ ಧೂಳು ತಡೆಯುವ ಸ್ಪಂಜು. ಅಮಾವಾಸ್ಯೆಯ ದಿನವನ್ನೇ ಆರಿಸಿಕೊಂಡಿದ್ದ. ಅಂದು ನೇಕಾರರು ಲೂಮ್ ಮುಟ್ಟುವುದಿಲ್ಲ, ಹಾಗಾಗಿ ಗಾಳಿಯಲ್ಲಿ ಧೂಳಿಲ್ಲ. ಕಂಪ್ಯೂಟರ್ ಬಿಚ್ಚಲು ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಸಂಜೆಯೇ ಕರೆಂಟ್ ಹೋಯಿತು. ನಾನು ಟಾರ್ಚ್ ಹಿಡಿದೆ.

“ವೈನಿ, ಬ್ಯಾಟರಿ ಇತ್ತ ಹಿಡೀರಿ. ನನ್ನ ಬೋಳ್ತಲಿಗಿ ಹಿಡದ್ರ ಏನ ಕಾಣತೈತಿ?”

“ಕನ್ನಡಿ ಇದ್ದಂಗೈತಿ ತಗೋ, ಕೋಲಿ ತುಂಬ ಬೆಳಕಾಗೇತಿ.”

ಅವನು ಹಳೆಯ ಡಬ್ಬದಿಂದ ಒಂದೊಂದೇ ಭಾಗ ಬಿಚ್ಚಿದ. ಹೊಸ ಕೇಸಿನ ತಳಕ್ಕೆ ಸಣ್ಣ ಹಿತ್ತಾಳೆ ಕಂಬಗಳನ್ನು ತಿರುಗಿಸಿ, ಅವುಗಳ ಮೇಲೆ ಮದರ್‌ಬೋರ್ಡ್ ಕೂರಿಸಿದ. “ಒಂದ ಕಂಬಾ ತಪ್ಪಿ ಬೋರ್ಡಿನ ಬೆನ್ನಿಗೆ ತಾಗಿತಂದ್ರ ಎಲ್ಲಾ ಸುಟ್ಟ ಹೋಗತೈತ್ರಿ” ಎಂದು ಮತ್ತೆ ಮತ್ತೆ ಬಗ್ಗಿ ನೋಡಿದ. ಹಾರ್ಡ್ ಡಿಸ್ಕ್ ಸರಿಯಾಗಿ ಕೂತಿತು. ಎಲ್ಲಕ್ಕೂ ಕರೆಂಟ್ ಕೊಡುವ ಪವರ್ ಸಪ್ಲೈ ಮಾತ್ರ ಕೂರಲಿಲ್ಲ. ಅದರ ತೂತಿಗೂ ಕೇಸಿನ ತೂತಿಗೂ ಹೊಂದಿಕೆಯಿಲ್ಲ.

“ಅರ ಹಚ್ಚಿ ತೂತ ದೊಡ್ಡದ ಮಾಡಬೇಕ. ಇವತ್ತ ಅಮಾಸಿ, ವರ್ಕ್‌ಶಾಪಿನ್ಯಾಗ ಯಾರೂ ಅರ ಮುಟ್ಟಂಗಿಲ್ಲ. ಮುಂಜಾನಿ ನೋಡೂನು.”

ಹೀಗೆ ಪವರ್ ಸಪ್ಲೈ ಮೇಜಿನ ಮೇಲೆ ಬೇರೆಯೇ ಉಳಿಯಿತು. ಸ್ಪೀಕರುಗಳು ವೈರು ಸುತ್ತಿಕೊಂಡು ಕಪಾಟಿನಲ್ಲಿದ್ದವು. ಇದನ್ನು ದಯವಿಟ್ಟು ನೆನಪಿಡಿ. ಆ ಕೇಸಿಗೆ ಒಂದು ವೈರೂ ಹೊರಗಿನಿಂದ ಬಂದಿರಲಿಲ್ಲ.

ವಸಂತ ಅಲ್ಲೇ ಚಾಪೆಯ ಮೇಲೆ ಮಲಗಿದ. “ಮುಚ್ಚಳಾ ಸುಮ್ನ ಮ್ಯಾಲ ಇಟ್ಟಬಿಡ್ರಿ ವೈನಿ. ಹಲ್ಲಿ ಗಿಲ್ಲಿ ಹೊಕ್ಕೀತು” ಎಂದ. ಹೇಳಿ ಮುಗಿಸುವಷ್ಟರಲ್ಲಿ ಗೊರಕೆ.

ಕಂದೀಲಿನ ಬೆಳಕಿನಲ್ಲಿ ಕೂತು, ಬಿಚ್ಚಿಟ್ಟ ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕಿದೆ. ಹೊರಗೆ ಒಂದು ಲೂಮಿನ ಸದ್ದೂ ಇಲ್ಲ... ಓಣಿಯೇ ಉಸಿರು ಹಿಡಿದಂತಿತ್ತು. ಆಮೇಲೆ ಎದ್ದು, ತಗಡಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಎತ್ತಿ, ಕೇಸಿನ ಮೇಲೆ ತಂದೆ.

ಮೊದಲು ಬಂದದ್ದು ವಾಸನೆ. ಲವಂಗ. ಆಪರೇಷನ್ ಆದ ಮೇಲೆ ಅವರು ಅದನ್ನು ಮುಟ್ಟಿರಲಿಲ್ಲ. ಆ ಘಮ ಬಿಸಿಬಿಸಿಯಾಗಿ, ಉಸಿರಿನಂತೆ ನನ್ನ ಮುಖಕ್ಕೆ ತಾಗಿತು.

ಆಮೇಲೆ...

“ಕೇಳಾಕತ್ತೈತೇನ?”

ಮೆಲ್ಲಗಿನ ಮಾತು. ಕೇಸಿನ ಒಳಗಿನಿಂದ. ಆ ಸ್ಟೇಷನ್ ದನಿಯಲ್ಲ, ಇಂಗ್ಲಿಷ್ ಅಲ್ಲ. ಅದು ನಮ್ಮ ಮನೆಯವರ ಹಳೆಯ ದನಿ, ಸ್ವಲ್ಪ ಒಡಕು, ಸ್ವಲ್ಪ ಅವಸರ. ಮುಚ್ಚಳ ಹಿಡಿದ ನನ್ನ ಕೈಗಳು ಅಲ್ಲೇ ನಿಂತವು.

“ಮುಚ್ಚಬ್ಯಾಡ.”

ಮುಚ್ಚಳ ಹಿಡಿದುಕೊಂಡೇ ಒಳಕೋಣೆಯ ಬಾಗಿಲಿಗೆ ಹೋದೆ. ಇವರು ಅಂಗಾತ ಮಲಗಿದ್ದರು, ಕಣ್ಣು ಮುಚ್ಚಿತ್ತು. ಕತ್ತಿನ ಮೇಲಿನ ಬಿಳಿ ಬಟ್ಟೆ ಉಸಿರಿಗೆ ಏಳುತ್ತಿತ್ತು, ಇಳಿಯುತ್ತಿತ್ತು. ಗಾಢ ನಿದ್ದೆ. ಆದರೆ ತುಟಿಗಳು ಆಡುತ್ತಿದ್ದವು. ಸದ್ದಿಲ್ಲ. ನನ್ನ ಬೆನ್ನ ಹಿಂದೆ, ಕೇಸಿನಲ್ಲಿ, ಅದೇ ಕ್ಷಣಕ್ಕೆ ಮತ್ತೆ... “ಮುಚ್ಚಬ್ಯಾಡ.”

ಮುಚ್ಚಳ ನನ್ನ ಕೈಯಿಂದ ಜಾರಿ ನೆಲಕ್ಕೆ ಬಡಿಯಿತು. ತುಟಿಗಳು ನಿಂತವು. ದನಿಯೂ ನಿಂತಿತು.

ಚಾಪೆಯ ಮೇಲೆ ವಸಂತ ಮಗ್ಗುಲು ಬದಲಿಸಿದ. ಕಣ್ಣು ತೆರೆಯದೆ, ನಿದ್ದೆಗಣ್ಣಿನಲ್ಲೇ ಹೇಳಿದ.

“ವೈನಿ... ಅಣ್ಣಾ ಕರಿಯಾಕತ್ತಾನ. ಏನ ಬೇಕಂತ ಕೇಳ್ರಿ.”

ಅವನ ಅಣ್ಣ ಕರೆಯಲಾರ ಎಂಬುದು ನಿದ್ದೆಯಲ್ಲಿ ಅವನಿಗೆ ಮರೆತಿತ್ತು. ನಾನು ಗೋಡೆಗೆ ಒರಗಿ ಕೂತವಳು ಬೆಳಗಿನವರೆಗೆ ಏಳಲಿಲ್ಲ.

ಬೆಳಗಾಗುತ್ತಲೇ ಲೂಮುಗಳು ಶುರುವಾದವು. ವಸಂತ ಕೇಸಿನ ಹಿಂಬದಿಗೆ ಅರ ಹಾಕಿಸಿಕೊಂಡು ಬಂದು, ಪವರ್ ಸಪ್ಲೈ ಕೂರಿಸಿ ವೈರು ಜೋಡಿಸಿದ. ಅವನು ಮುಚ್ಚಳಕ್ಕೆ ಕೈ ಹಾಕಿದಾಗ ನಾನು ತಡೆದು, ರಾತ್ರಿಯದನ್ನು ಹೇಳಿದೆ.

“ಬೋರ್ಡಿನ್ಯಾಗ ಒಂದೀಟ ಕರೆಂಟ್ ಉಳದಿರತೈತ್ರಿ. ಕುಂಯ್ ಅಂದಿರಬೇಕ.”

“ಕುಂಯ್ ಅನ್ನಲಿಲ್ಲೋ, ಮಾತಾಡಿತು. ನೀನೂ ಕೇಳೀದಿ. ಅಣ್ಣಾ ಕರಿಯಾಕತ್ತಾನ ಅಂದಿ.”

“ನಾ ಏನೂ ಅಂದಿಲ್ರಿ.” ಒರೆಸಿದ ಸ್ಕ್ರೂವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. “ನೀವ ಹೇಳ್ರಿ ಈಗ. ಮುಚ್ಚಲ್ಯೋ, ಬಿಡಲ್ಯೋ?”

ತೆರೆದ ಬೋರ್ಡಿನ ಮೇಲೆ ಆಗಲೇ ಬಿಳಿ ಧೂಳು ಕೂರತೊಡಗಿತ್ತು. ಹಾಗೇ ಬಿಟ್ಟರೆ ಮತ್ತೆ ಕೆಡುವುದು ಖಂಡಿತ, ಇವರು ಮತ್ತೆ ಗೋಡೆಗೆ ಮುಖ ಮಾಡುವುದೂ ಖಂಡಿತ. ರಾತ್ರಿಯ ಆ ದನಿ ಇನ್ನೊಮ್ಮೆ ಬಂದೀತೆಂದು ಮಾತು ಕೊಡುವವರು ಯಾರು? ಇವರು ಎದ್ದು ಬಂದು ಕುರ್ಚಿಯಲ್ಲಿ ಕೂತಿದ್ದರು. ಇನ್ನೂ ಜೋಡಿಸದ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದರು.

“ಮುಚ್ಚು” ಎಂದೆ.

ವಸಂತ ಸ್ಕ್ರೂ ಬಿಗಿದು, ಕೇಸನ್ನು ತಾನೇ ಗೋಡೆಗೆ ಕೂರಿಸಿದ್ದ ಕಬ್ಬಿಣದ ಚೌಕಟ್ಟಿಗೆ ತಳ್ಳಿದ. ಸ್ವಿಚ್ ಹಾಕಿದ. ಫ್ಯಾನು ತಿರುಗಿತು. ಇವರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಸ್ಪೀಕರಿನಲ್ಲಿ ಆ ಸ್ಟೇಷನ್ ದನಿ ಕೇಳಿತು.

“ವೈ ಡಿಡ್ ಯು ಕ್ಲೋಸ್ ಇಟ್.”

ವಸಂತ ನನ್ನ ಕಡೆ ನೋಡಲಿಲ್ಲ. “ಧೂಳ ಹೊಕ್ಕತೈತಲ್ಲ ಅಣ್ಣಾ, ಅದಕ್ಕ ಮುಚ್ಚೇನಿ” ಎಂದ. ಇವರು ತುಂಬ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ನಾನು ಕೊಟ್ಟ ಗಂಜಿ ಕುಡಿದರು. ಆ ಮಾತನ್ನು ಮತ್ತೆಂದೂ ಟೈಪ್ ಮಾಡಲಿಲ್ಲ.

ಅವರು ಇದ್ದಷ್ಟು ಕಾಲ ಆ ಕಂಪ್ಯೂಟರ್ ಒಂದು ದಿನವೂ ಕೆಡಲಿಲ್ಲ. ಒಂದು ಕನ್ನಡದ ಮಾತನ್ನೂ ಆಡಲಿಲ್ಲ.

ಈಗ ನಾನು ಜಮಖಂಡಿಯಲ್ಲಿ ವಸಂತನ ಮನೆಯಲ್ಲೇ ಇದ್ದೇನೆ. ಕೇಸು ಹಿಂದಿನ ಕೋಣೆಯಲ್ಲಿದೆ, ಸ್ಕ್ರೂ ಬಿಚ್ಚಿಲ್ಲ. ಬೇಸಿಗೆಯಲ್ಲಿ ಮನೆಯವರೆಲ್ಲ ಆ ಕೋಣೆಯಲ್ಲೇ ಮಲಗುತ್ತೇವೆ. ವಸಂತ ಮಾತ್ರ ಚಾಪೆ ಎತ್ತಿಕೊಂಡು ಅಂಗಳಕ್ಕೆ ಹೋಗುತ್ತಾನೆ. ಯಾಕೋ ಎಂದರೆ, “ಅಲ್ಲಿ ಭಾಳ ಸೆಕಿ ವೈನಿ” ಎನ್ನುತ್ತಾನೆ.

ಇಡೀ ಮನೆಯಲ್ಲಿ ತಂಪಾಗಿರುವುದು ಅದೊಂದೇ ಕೋಣೆ.