ತೆರೆದಿಟ್ಟ ಕೌದಿಯ ಮೂಲೆ

ಆಗ ಮದ್ರಾಸಿನ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಕಾರ್ಖಾನೆಯ ಸೈರನ್ನೇ ನಮ್ಮ ಗಡಿಯಾರ. ಆ ಒಂದು ಬೇಸಿಗೆಯಲ್ಲಿ ಮಾತ್ರ ಅದು ಎಷ್ಟು ಕೂಗಿದರೂ ಹೊತ್ತು ಹೋಗುತ್ತಿರಲಿಲ್ಲ. ಅವ್ವ ಬಸುರಿ. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಅವಳು ತವರಿಗೆ ಹೋಗಲಿಲ್ಲ, ಧಾರವಾಡದಿಂದ ಅಜ್ಜಿಯೇ ಬಂದಳು. ಜೊತೆಗೆ ಹಳೆಬಟ್ಟೆಯ ಒಂದು ದೊಡ್ಡ ಗಂಟು. ಬಿಚ್ಚಿದೊಡನೆ ಒಣ ಬೇವಿನೆಲೆಯ ವಾಸನೆ ಮನೆಯೆಲ್ಲ ತುಂಬಿತು.

"ಹೊಸ ಅರಿವಿ ಎಳೇ ಮೈಗೆ ಚುಚ್ಚತಾವ. ಕೂಸಿಗೆ ಕೌದೀನ ಬೇಕು" ಎಂದು ಅಜ್ಜಿ ನೆಲದ ಮೇಲೆ ಮೆತ್ತನೆಯ ಹಳೇ ಸೀರೆಗಳನ್ನು ಪದರಪದರವಾಗಿ ಹಾಸಿದಳು. ಮೇಲೆ ತುಣುಕುಗಳ ಜೋಡಣೆ. ತನ್ನ ಮದುವೆಯ ಇಳಕಲ್ ಸೀರೆಯ ಸೆರಗು, ಕುಪ್ಪಸದ ಖಣ, ಅಜ್ಜನ ಧೋತರ. ಖಣದ ಪಕ್ಕ ಧೋತರದ ಬಿಳಿ ಇಟ್ಟು, ಹಿಂದೆ ಸರಿದು ನೋಡಿ, ತಲೆಯಲ್ಲಾಡಿಸಿ, ಅದನ್ನು ತೆಗೆದು ನನ್ನ ಹಳದಿ ಫ್ರಾಕಿನ ತುಂಡು ಇಡುವಳು. ಫ್ಯಾನು ಹಾಕಿದರೆ ತುಣುಕುಗಳು ಹಾರುತ್ತಿದ್ದವು, ಆರಿಸಿದರೆ ಬೆವರು. ನನಗೋ ಕುಳಿತಲ್ಲಿ ಕೂರಲಾಗದು. ಗೇಟಿಗೆ ಓಡುವುದು, ಮಲಗಿದ ಅವ್ವನ ಹೊಟ್ಟೆ ಮುಟ್ಟುವುದು, ಮತ್ತೆ ಕೌದಿಯ ಬಳಿ ಬರುವುದು.

"ಅಜ್ಜಿ, ಸೀಕ್ರಂ ಮುಗಿಸು!"

"ಏನವಾ ಅದು ಸೀಕ್ರಂ? ಲಗೂನ ಅನ್ನು. ನಿನ್ನ ಬಾಯಾಗ ಅರ್ಧ ಮದ್ರಾಸ ಅದ. ಸೂಜಿ ಪೋಣಿಸಿ ಕೊಡು, ಬಾ."

ಕೊನೆಗೆ ಮೂರು ಮೂಲೆ ಮುಗಿದವು. ನಾಲ್ಕನೆಯದರ ಹತ್ತಿರ ಬಂದು ಅಜ್ಜಿ ಸೂಜಿ ತೆಗೆದಿಟ್ಟಳು. ಯಾಕೆಂದು ಕೇಳಿದರೆ "ಈಗ ಮುಗಸಬಾರದು" ಎಂದಳು, ಅಷ್ಟೇ. ನನಗೆ ತಡೆಯದ ಚಡಪಡಿಕೆ.

ಹೇಳಿದ ದಿನಕ್ಕಿಂತ ಮುಂಚೆಯೇ, ಒಂದು ಬೆಳಿಗ್ಗೆ ಅವ್ವನಿಗೆ ನೋವು ಶುರುವಾಯಿತು. ಅಪ್ಪ, ಅಜ್ಜಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ನನ್ನನ್ನು ಪಕ್ಕದ ಮನೆಯ ಕಸ್ತೂರಿ ಮಾಮಿಗೆ ಒಪ್ಪಿಸಿದರು. ಮಾಮಿ ಮೆತ್ತಗಿನ ಇಡ್ಲಿ ಕೊಟ್ಟರು, ಒಂದೂ ಇಳಿಯಲಿಲ್ಲ. ನನ್ನ ಗಮನ ಬೇರೆಡೆಗೆ ಹರಿಯಲೆಂದೋ ಏನೋ, ಅವರು ನಮ್ಮ ಮನೆಗೆ ಬಂದು ಕೌದಿ ಬಿಡಿಸಿ ನೋಡಿದರು. "ಅಯ್ಯೋ, ಪಾಪ, ಅಜ್ಜಿಗೆ ಮುಗಿಸಲು ಪುರುಸೊತ್ತೇ ಸಿಗಲಿಲ್ಲ" ಎಂದು ತಮಿಳಿನಲ್ಲಿ ಮರುಗಿ, ತಮ್ಮ ಹೊಲಿಗೆ ಮೆಷಿನ್ನಿಗೆ ಕೊಟ್ಟು ಟಕಟಕನೆ ಆ ಮೂಲೆ ಮುಚ್ಚಿಯೇಬಿಟ್ಟರು. ನಾನು ಚಪ್ಪಾಳೆ ತಟ್ಟಿದೆ.

ಸಂಜೆ ಅಜ್ಜಿ ಗಂಜಿ ಮಾಡಿ ಒಯ್ಯಲು ಬಂದಳು. ಕೂಸು ಇನ್ನೂ ಬಂದಿರಲಿಲ್ಲ. ಮಾಮಿ ಹೆಮ್ಮೆಯಿಂದ ಕೌದಿ ಹಿಡಿದು ತೋರಿಸಿದರು. ಅಜ್ಜಿಯ ಮುಖದ ರಕ್ತವೇ ಇಳಿಯಿತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ನಡುವೆ ನಾನೇ ದುಭಾಷಿ.

"ಭಾಳ ಚಲೋ ಹೊಲದಾಳ ಅಂತ ಹೇಳು" ಎಂದಳು ಅಜ್ಜಿ. ಹೇಳಿದೆ. ಮಾಮಿ ನಗುತ್ತ ಹೊರಟರು.

ಅವರ ಬಾಗಿಲ ಸದ್ದು ಕೇಳಿದ್ದೇ ಅಜ್ಜಿ ಅಪ್ಪನ ದಾಡಿಯ ಬ್ಲೇಡು ಹುಡುಕಿ ತಂದಳು. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಇವಳು ಒಂದೊಂದೇ ಹೊಲಿಗೆ ಕತ್ತರಿಸುತ್ತಿದ್ದಳು.

"ಯಾಕಜ್ಜಿ?"

"ಕೂಸು ಇನ್ನೂ ದಾರ್ಯಾಗ ಅದ. ಅದು ಬರೂಕಿಂತ ಮೊದಲ ಬಾಗಲಾ ಹಾಕತಾರೇನವಾ?"

ನನ್ನ ಕಾಲುಗಳು ಅಲ್ಲೇ ನಿಂತವು. ಆ ಬೇಸಿಗೆಯಲ್ಲಿ ಮೊದಲ ಸಲ ಅಲುಗದೆ ಕುಳಿತೆ. ಅಜ್ಜಿ ಕತ್ತರಿಸಿದ ಹಾಗೆಲ್ಲ ದಾರದ ತುದಿಗಳನ್ನು ಉಗುರಿನಿಂದ ಎಳೆದೆಳೆದು ತೆಗೆದೆ. ಮೆಷಿನ್ ಹೊಲಿಗೆ ಬಲು ಗಟ್ಟಿ. ಕೊನೆಯ ಎಳೆ ಬಂದು ಮೂಲೆ ಬಾಯಿಬಿಟ್ಟಾಗ ಗಂಜಿ ಉಕ್ಕಿ ಒಲೆ ಆರಿತ್ತು. ಅಜ್ಜಿ ಅದನ್ನು ಒರೆಸಿ, ಒಲೆ ಮತ್ತೆ ಹಚ್ಚುವಷ್ಟರಲ್ಲಿ ಅಪ್ಪ ಗೇಟಿನಿಂದಲೇ ಕೂಗಿದ: "ಗಂಡಸಮಗ! ಇಬ್ಬರೂ ಅರಾಮ ಅದಾರ!"

ಅಜ್ಜಿ ಕಣ್ಣೊರೆಸಿಕೊಂಡು, "ಮುಚ್ಚೂ ಮುಂದ ಕೌದಿ ಹೊಟ್ಟಿಗೆ ಒಂದ ಚೂರು ಹೋಳಿಗಿ ಹಾಕಬೇಕು. ಈಗೆಲ್ಲಿಂದ ತರ್ಲಿ?" ಎಂದಳು. ನಾನು ಮಾಮಿ ಕೊಟ್ಟಿದ್ದ ಬೆಳಗಿನ ಇಡ್ಲಿ ತಂದೆ. ಅಜ್ಜಿ ನಕ್ಕುಬಿಟ್ಟಳು. "ಹಾಕು. ಮದ್ರಾಸ ಕೌದಿ, ಇಡ್ಲೀನ ತಿನ್ಲಿ!"

ಇಂದು ಅಜ್ಜಿಯೂ ಇಲ್ಲ, ಮಾಮಿಯೂ ಇಲ್ಲ. ತಮ್ಮನ ಆ ಕೌದಿ ಸವೆದು ಜಾಳಾಗಿದೆ. ಅದರಲ್ಲಿ ಉಳಿದ ಖಣ, ಅವ್ವನ ಹಳೇ ಸೀರೆಗಳನ್ನು ಸೇರಿಸಿ ಈಗ ಪಲ್ಲಾವರಂನ ಫ್ಲ್ಯಾಟಿನಲ್ಲಿ ನಾನು ಹೊಲಿಯುತ್ತಿದ್ದೇನೆ. ಮಗಳಿಗೆ ದಿನ ತುಂಬಿದೆ. "ಅಮ್ಮಾ, ಇನ್ನೂ ಮುಡಿಯಲೈಯಾ?" ಎಂದು ಅವಳು ಫೋನು ಮಾಡಿ ತಮಿಳಿನಲ್ಲಿ ಕೇಳುತ್ತಾಳೆ. ಮುಗಿದಿಲ್ಲವೇ ಎಂದು. ಫೋನು ಸದ್ದು ಮಾಡಿದಾಗಲೆಲ್ಲ ಎದ್ದು ಓಡುತ್ತೇನೆ, ಅದೇ ಹಳೆಯ ಚಡಪಡಿಕೆ. ಒಂದು ಮೂಲೆ ತೆರೆದೇ ಇಟ್ಟು ಕೌದಿಯನ್ನು ನಡುಮನೆಯಲ್ಲಿ ಹಾಸಿ ಬಿಟ್ಟಿದ್ದೇನೆ. ಬಚ್ಚಿಡಬೇಕಾದ ಅಗತ್ಯವೇನಿಲ್ಲ. ಹೇಳದೆ ಕೇಳದೆ ಒಳಗೆ ಬಂದು, ಪಾಪ ಎಂದು ಮರುಗಿ, ಅದನ್ನು ಹೊಲಿದುಬಿಡುವಂಥವರು ಈ ಮಹಡಿಯಲ್ಲಿ ಯಾರೂ ಇಲ್ಲ.